ಹಾಯಿಹಲಗೆಯಲ್ಲಿ ಕಡಲು ದಾಟುವವನ ಲೆಕ್ಕಾಚಾರ

ಪಿ.ಯು.ಸಿ. ತರಗತಿಯ ಭೌತಶಾಸ್ತ್ರದಲ್ಲಿ ವರ್ಷಕ್ಕೊಮ್ಮೆ ತಪ್ಪದೆ ಬರುವ ಲೆಕ್ಕವೊಂದುಂಟು. ಹೊಳೆಯ ಅಗಲ ಇಷ್ಟು, ಪ್ರವಾಹದ ವೇಗ ಇಷ್ಟು, ನಿಂತ ನೀರಿನಲ್ಲಿ ದೋಣಿಯ ವೇಗ ಇಷ್ಟು. ಎದುರು ದಡವನ್ನು ಅತ್ಯಲ್ಪ ಕಾಲದಲ್ಲಿ ಮುಟ್ಟಬೇಕಾದರೆ ಅಂಬಿಗನು ದೋಣಿಯ ಮುಖವನ್ನು ಯಾವ ದಿಕ್ಕಿಗೆ ಹಿಡಿಯಬೇಕು? ಹೊರಟ ಸ್ಥಳಕ್ಕೆ ನೇರ ಎದುರಿನಲ್ಲಿಯೇ ಮುಟ್ಟಬೇಕಾದರೆ ಯಾವ ದಿಕ್ಕಿಗೆ? ಕರಿಹಲಗೆಯ ಮೇಲೆ ಎರಡು ಬಾಣಗಳನ್ನೆಳೆದು ಸಮಾಂತರ ಚತುರ್ಭುಜವನ್ನು ಪೂರ್ತಿಮಾಡಿದರೆ ಉತ್ತರ ದೊರೆಯುತ್ತದೆ. ಕೆಲವು ವರ್ಷಗಳ ಹಿಂದೆ ಈ ಲೆಕ್ಕವನ್ನು ಮುಗಿಸಿ ಕೈಗಂಟಿದ ಸೀಮೆಸುಣ್ಣವನ್ನು ಕೊಡವಿಕೊಳ್ಳುತ್ತಿದ್ದಾಗ, ಹಿಂದಿನ ಬೆಂಚಿನ ಹುಡುಗನೊಬ್ಬನು, ಹೊಳೆಯ ದಂಡೆಯ ಊರಿನವನು, ಎದ್ದು ನಿಂತು, “ಸಾರ್, ನಡುಹೊಳೆಯಲ್ಲಿ ಹುಟ್ಟು ಮುರಿದರೆ?” ಎಂದು ಕೇಳಿದನು. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆನು. ಮನೆಗೆ ಬಂದು ಯೋಚಿಸಿದಾಗ, ಪಠ್ಯಪುಸ್ತಕದ ಪ್ರಶ್ನೆಗಿಂತ ಅವನ ಪ್ರಶ್ನೆಯೇ ದೊಡ್ಡದೆಂದು ತೋರಿತು. ನೀರಿನ ಮೇಲೆ ಪ್ರಾಣವನ್ನಿಟ್ಟು ಸಾಗುವವನಿಗೆ ಮೊದಲು ಬೇಕಾದುದು ಆ ಪ್ರಶ್ನೆಯ ಉತ್ತರ.

ಈ ಪ್ರಶ್ನೆಯು ಅತ್ಯಂತ ತೀಕ್ಷ್ಣವಾಗಿ ಎದುರಾಗುವ ಒಂದು ಸಾಹಸಕ್ರೀಡೆಯನ್ನು ಕುರಿತು ಇಲ್ಲಿ ವಿಚಾರಮಾಡೋಣ. ವಿಂಡ್‌ಸರ್ಫಿಂಗ್ ಎಂದು ಅದರ ಹೆಸರು. ಅದಕ್ಕೆ ಬಳಸುವ ಸಾಧನವನ್ನು ನಮ್ಮ ಅನುಕೂಲಕ್ಕಾಗಿ ಹಾಯಿಹಲಗೆ ಎಂದು ಕರೆಯೋಣ. ನೀರಿನ ಮೇಲೆ ತೇಲುವ ಉದ್ದನೆಯ ಹಲಗೆ. ಅದರ ನಡುವೆ ಒಂದು ಕಂಬ. ಕಂಬಕ್ಕೆ ಒಂದು ಹಾಯಿ. ಇಷ್ಟಾದರೆ ಇದು ಸಣ್ಣದೊಂದು ಹಾಯಿದೋಣಿಯಾಗುತ್ತಿತ್ತು. ವಿಶೇಷವಿರುವುದು ಕಂಬದ ಬುಡದಲ್ಲಿ. ಅಲ್ಲಿ ಎಲ್ಲ ದಿಕ್ಕಿಗೂ ಬಾಗಬಲ್ಲ ಒಂದು ಕೀಲು ಇದೆ. ಆದುದರಿಂದ ಹಾಯಿಯು ತಾನಾಗಿ ನಿಲ್ಲದು. ಹಲಗೆಯ ಮೇಲೆ ನಿಂತ ಮನುಷ್ಯನು ಬೂಮ್ ಎಂಬ ಅಡ್ಡಕೋಲನ್ನು ಹಿಡಿದು ಅದನ್ನು ನಿಲ್ಲಿಸಿಕೊಂಡಿರಬೇಕು. ಚುಕ್ಕಾಣಿಯೂ ಇಲ್ಲ. ಹಾಯಿಯನ್ನು ಮುಂದಕ್ಕೆ ಬಾಗಿಸಿದರೆ ಹಲಗೆಯ ಮೂತಿ ಗಾಳಿಯಿಂದ ದೂರಕ್ಕೆ ತಿರುಗುತ್ತದೆ. ಹಿಂದಕ್ಕೆ ಬಾಗಿಸಿದರೆ ಗಾಳಿಯ ಕಡೆಗೆ. ಒಟ್ಟಿನಲ್ಲಿ ಈ ನೌಕೆಯಲ್ಲಿ ಮನುಷ್ಯನು ಪ್ರಯಾಣಿಕನೂ ಅಹುದು, ಹಗ್ಗವೂ ಅಹುದು, ಕಂಬದ ಆಧಾರವೂ ಅಹುದು. ಅವನ ಕೈ ಸೋತರೆ ನೌಕೆಯೇ ಕೆಟ್ಟಂತೆ.

ಇದರ ಜನ್ಮವೃತ್ತಾಂತವೂ ಸ್ವಾರಸ್ಯವಾದುದೇ. ಅಮೆರಿಕದ ಜಿಮ್ ಡ್ರೇಕ್ ಮತ್ತು ಹಾಯ್ಲ್ ಶ್ವೈಟ್ಸರ್ ಎಂಬಿಬ್ಬರು 1968ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿ 1970ರಲ್ಲಿ ಅದನ್ನು ಪಡೆದರು. ಅವರಿಗಿಂತ ಮುಂಚೆಯೇ ನ್ಯೂಮನ್ ಡಾರ್ಬಿ ಎಂಬಾತನು ಹಾಯಿ ಕಟ್ಟಿದ ಹಲಗೆಗಳನ್ನು ಮಾಡಿದ್ದನು. ಇಂಗ್ಲೆಂಡಿನಲ್ಲಿ ಪೇಟೆಂಟಿನ ವ್ಯಾಜ್ಯ ನಡೆದಾಗ, 1958ರಲ್ಲಿ ಹೇಲಿಂಗ್ ದ್ವೀಪದ ಕರೆಯಲ್ಲಿ ಪೀಟರ್ ಚಿಲ್ವರ್ಸ್ ಎಂಬ 12 ವರ್ಷದ ಬಾಲಕನು ಇಂಥದೇ ಆಟಿಗೆಯನ್ನು ಕಟ್ಟಿ ಆಡಿದ್ದನೆಂಬ ಸಂಗತಿ ಹೊರಬಿದ್ದು, 1985ರಲ್ಲಿ ಅಲ್ಲಿಯ ನ್ಯಾಯಾಲಯವು ಪೇಟೆಂಟನ್ನು ತಳ್ಳಿಹಾಕಿತು. 1984ರಿಂದ ಒಲಿಂಪಿಕ್ ಕ್ರೀಡೆಗಳಲ್ಲಿ ಹಾಯಿಹಲಗೆಗೆ ಸ್ಥಾನ ದೊರೆತಿದೆ. ಆಟದ ಬಯಲಿನಂತಿರುವ ಕೊಲ್ಲಿಗಳಲ್ಲಿ ಸುತ್ತು ಹೊಡೆಯುವುದರಿಂದ ತೃಪ್ತಿಪಡದೆ ಇದರ ಮೇಲೆ ನಿಂತು ಜಲಸಂಧಿಗಳನ್ನೂ ಸಾಗರಗಳನ್ನೂ ದಾಟಿದವರುಂಟು. ನಮಗೆ ಪ್ರಕೃತವಾದುದು ಅಂಥ ದೂರಪಯಣ.

ಹೋಗುವ ಗಾಳಿ, ಬರುವ ಗಾಳಿ

ಮೊದಲು ಗಾಳಿಯ ಬಲವನ್ನು ಅಳೆಯೋಣ. ಕಡಲಿನಲ್ಲಿ ವೇಗವನ್ನು ನಾಟ್‌ಗಳಲ್ಲಿ ಹೇಳುವುದು ವಾಡಿಕೆ. ಗಂಟೆಗೆ ಒಂದು ಕಡಲಮೈಲಿ, ಎಂದರೆ 1852 ಮೀಟರು, ಸಾಗಿದರೆ ಒಂದು ನಾಟ್. ಗಾಳಿಯ ಒತ್ತಡವು ಅದರ ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ. 15 ನಾಟ್ ಗಾಳಿಯು ಚದರ ಮೀಟರಿಗೆ ಸುಮಾರು 36 ನ್ಯೂಟನ್ ಒತ್ತುತ್ತದೆ; 25 ನಾಟ್ ಗಾಳಿಯು ಸುಮಾರು 99 ನ್ಯೂಟನ್. 7 ಚದರ ಮೀಟರಿನ ಹಾಯಿಯ ಮೇಲೆ ಮೊದಲನೆಯದು ಸ್ಥೂಲವಾಗಿ 25 ಕಿಲೋಗ್ರಾಮ್ ತೂಕದಷ್ಟೂ ಎರಡನೆಯದು 70 ಕಿಲೋಗ್ರಾಮ್ ತೂಕದಷ್ಟೂ ಎಳೆಯುತ್ತದೆ. ಹವಾ ಮುನ್ಸೂಚನೆಯಲ್ಲಿ “ಗಾಳಿ 15ರಿಂದ 25 ನಾಟ್‌ಗೆ ಏರಬಹುದು” ಎಂಬ ಒಂದು ಸಾಲು ಸೌಮ್ಯವಾಗಿ ಕಾಣುತ್ತದೆ. ಹಲಗೆಯ ಮೇಲೆ ನಿಂತವನಿಗೆ ಅದರ ಅರ್ಥವೇನೆಂದರೆ, ಕೈಯಲ್ಲಿದ್ದ ಅಕ್ಕಿಯ ಮೂಟೆ ನೋಡನೋಡುತ್ತಿದ್ದಂತೆ ಒಬ್ಬ ಆಳಿನ ತೂಕವಾಯಿತು ಎಂದು.

ಇದಕ್ಕಿಂತ ಗೂಢವಾದ ಇನ್ನೊಂದು ಸಂಗತಿಯುಂಟು. ಹಾಯಿಗೆ ತಗಲುವುದು ನೆಲದ ಮೇಲೆ ಅಳೆದ ಗಾಳಿಯಲ್ಲ. ಸಾಗುತ್ತಿರುವ ಹಲಗೆಗೆ ಸಾಪೇಕ್ಷವಾದ ಗಾಳಿ. ಬೆನ್ನ ಹಿಂದಿನಿಂದ 15 ನಾಟ್ ಗಾಳಿ ಬೀಸುತ್ತಿದೆ, ಹಲಗೆಯು ಅದೇ ದಿಕ್ಕಿನಲ್ಲಿ 8 ನಾಟ್ ವೇಗದಿಂದ ಹೋಗುತ್ತಿದೆ ಎಂದಿಟ್ಟುಕೊಳ್ಳಿ. ಸವಾರನ ಕಿವಿಗೆ ತಗಲುವ ಗಾಳಿ ಕೇವಲ 7 ನಾಟ್. ಬಿಸಿಲು ಹಿತವಾಗಿದೆ, ಹಾಯಿ ಹಗುರವಾಗಿದೆ, ದಡ ಹಿಂದೆ ಸರಿಯುತ್ತಿದೆ. ಒಂದು ಗಂಟೆಯಲ್ಲಿ 8 ಕಡಲಮೈಲಿ ಬಂದಾಯಿತು. ಈಗ ಅವನು ಹಿಂದಿರುಗಲು ಬಯಸುತ್ತಾನೆ. ಗಾಳಿಗೆ ನೇರ ಎದುರಾಗಿ ಯಾವ ಹಾಯಿಯೂ ಹೋಗಲಾರದು. ಸುಮಾರು 45 ಡಿಗ್ರಿ ಓರೆಯಾಗಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಅಂಕುಡೊಂಕಾಗಿ ಏರಬೇಕು. ಹಾಗೆ 6 ನಾಟ್ ವೇಗದಿಂದ ಏರಿದರೆ, ಬಾಣಗಳನ್ನು ಕೂಡಿಸಿ ನೋಡಿದಾಗ ಸಾಪೇಕ್ಷ ಗಾಳಿ ಹತ್ತಿರ ಹತ್ತಿರ 20 ನಾಟ್ ಆಗುತ್ತದೆ. 7 ಎಲ್ಲಿ, 20 ಎಲ್ಲಿ! ವರ್ಗದ ನಿಯಮದಂತೆ ಒತ್ತಡವು ಸುಮಾರು ಎಂಟು ಮಡಿ. ಮನೆಯ ಕಡೆಗೆ ನಿಜವಾಗಿ ಆಗುವ ಪ್ರಗತಿಯಾದರೋ ಗಂಟೆಗೆ 4 ಕಡಲಮೈಲಿಗಿಂತ ತುಸು ಹೆಚ್ಚು ಮಾತ್ರ. ಒಂದು ಗಂಟೆಯ ಸುಖವನ್ನು ಹಿಂದಿರುಗಿಸಲು ಸುಮಾರು ಎರಡು ಗಂಟೆಯ, ಎಂಟು ಮಡಿ ಭಾರದ ದುಡಿಮೆ ಬೇಕು. ಗಾಳಿಯಲ್ಲಿ ಏನೂ ಬದಲಾಗಲಿಲ್ಲ, ತಿರುಗಿದವನು ತಾನೇ.

ದಡದಿಂದ ಕಡಲಿನ ಕಡೆಗೆ ಬೀಸುವ ಗಾಳಿಯ ಮೋಸವು ಇಷ್ಟಕ್ಕೇ ನಿಲ್ಲುವುದಿಲ್ಲ. ಅಲೆಯು ಬೆಳೆಯಬೇಕಾದರೆ ಗಾಳಿಗೆ ನೀರಿನ ಮೇಲೆ ಓಡಲು ದೂರ ಬೇಕು. ದಡದ ಬಳಿ ಆ ದೂರವೇ ಇಲ್ಲವಾದುದರಿಂದ ನೀರು ಕೆರೆಯಂತೆ ನಯವಾಗಿ ಕಾಣುತ್ತದೆ. ಗುಡ್ಡ, ಮರ, ಮನೆಗಳ ಮರೆಯಿಂದ ಗಾಳಿಯೂ ಮೆತ್ತಗಿರುತ್ತದೆ. ಎರಡು ಮೂರು ಕಿಲೋಮೀಟರು ಹೋದ ಮೇಲೆಯೇ ನಿಜವಾದ ಗಾಳಿ, ನಿಜವಾದ ಅಲೆ. ದಡದಲ್ಲಿ ನಿಂತು ಕಡಲನ್ನು ನೋಡಿ ನಿರ್ಧರಿಸುವವನು ಅಲೆಗಳ ಬೆನ್ನನ್ನು ಮಾತ್ರ ನೋಡುತ್ತಿರುತ್ತಾನೆ. ಗಾಳಿ ದಡದಿಂದ ಹೊರಕ್ಕೆ ಬೀಸುವ ದಿನ ಒಂಟಿಯಾಗಿ ದೂರ ಹೋಗಬಾರದೆಂಬ ಮಾತನ್ನು ಹೊಸಬರಿಗೆ ಮೊದಲ ಪಾಠವಾಗಿ ಹೇಳಿಕೊಡುವುದು ಇದೇ ಕಾರಣದಿಂದ.

ಡೋವರ್ ಜಲಸಂಧಿ

ಇನ್ನು ಒಂದು ನಿಜವಾದ ಸ್ಥಳವನ್ನು ತೆಗೆದುಕೊಂಡು ಪಯಣದ ಯೋಜನೆಯನ್ನು ಮಾಡಿ ನೋಡೋಣ. ಇಂಗ್ಲೆಂಡಿನ ಡೋವರ್ ಊರಿನ ಕಡೆಯಿಂದ ಫ್ರಾನ್ಸಿನ ಗ್ರೀ ನೇ ಭೂಶಿರಕ್ಕೆ ಸುಮಾರು 33 ಕಿಲೋಮೀಟರು, ಎಂದರೆ 18 ಕಡಲಮೈಲಿ. ನಮ್ಮ ದೇಶದ ಮಿಹಿರ್ ಸೇನರು 1958ರಲ್ಲಿ ಈಜಿ ದಾಟಿದ ನೀರು ಇದೇ. ಜಲಸಂಧಿಯು ಈಶಾನ್ಯ–ನೈಋತ್ಯ ದಿಕ್ಕಿಗೆ ಚಾಚಿದೆ. ದಾಟುವವನು ಆಗ್ನೇಯಕ್ಕೆ ಹೋಗಬೇಕು. ಅಲ್ಲಿ ಹೆಚ್ಚಾಗಿ ಬೀಸುವುದು ನೈಋತ್ಯದ ಗಾಳಿ. ಅದು ದಾಟುವವನ ಪಕ್ಕೆಗೆ ತಗಲುತ್ತದೆ. ಹಾಯಿಹಲಗೆಗೆ ಇದಕ್ಕಿಂತ ಒಳ್ಳೆಯ ಗಾಳಿ ಬೇರೆ ಇಲ್ಲ. ಹೋಗುವಾಗಲೂ ಪಕ್ಕೆಗಾಳಿ, ಹಿಂದಿರುಗುವಾಗಲೂ ಪಕ್ಕೆಗಾಳಿ. ಮನಸ್ಸು ಬದಲಾದರೆ ಅಷ್ಟೇ ಸುಲಭವಾಗಿ ತಿರುಗಬಹುದು. 8 ನಾಟ್ ವೇಗವನ್ನು ಕಾಯ್ದುಕೊಂಡರೆ ಎರಡೂಕಾಲು ಗಂಟೆಯ ಹಾದಿ.

ಆದರೆ ನೀರೂ ಓಡುತ್ತಿದೆ. ಉಬ್ಬರವಿಳಿತದ ಪ್ರವಾಹವು ಈ ಇಕ್ಕಟ್ಟಿನಲ್ಲಿ ಸುಮಾರು ಆರು ಗಂಟೆ ಈಶಾನ್ಯಕ್ಕೂ ಆರು ಗಂಟೆ ನೈಋತ್ಯಕ್ಕೂ ಹರಿಯುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳಾದ ಒಂದೆರಡು ದಿನಗಳಲ್ಲಿ ಅದರ ವೇಗ 3 ನಾಟನ್ನು ಮೀರುವುದುಂಟು; ಅಷ್ಟಮಿಯ ಆಸುಪಾಸಿನಲ್ಲಿ ಸ್ಥೂಲವಾಗಿ ಅದರ ಅರ್ಧ. ಹೀಗಾಗಿ ಜಲಸಂಧಿ ದಾಟುವವನು ನಮ್ಮ ಅಜ್ಜಿಯರಂತೆ ಪಂಚಾಂಗದ ತಿಥಿಯನ್ನು ನೋಡಿ ಹೊರಡುವುದರಲ್ಲಿ ಮೂಢನಂಬಿಕೆಯೇನೂ ಇಲ್ಲ.

ಇಲ್ಲಿಗೆ ನಮ್ಮ ಹೊಳೆಯ ಲೆಕ್ಕ ಬಂದಿತು. ಪ್ರವಾಹ 3 ನಾಟ್ ಒಂದೇ ಸಮನೆ ಇದೆಯೆಂದು ಭಾವಿಸೋಣ. ಹಲಗೆಯ ಮೂತಿಯನ್ನು ದಡಕ್ಕೆ ಲಂಬವಾಗಿ ಹಿಡಿದರೆ 2 ಗಂಟೆ 15 ನಿಮಿಷದಲ್ಲಿ ಆಚೆ ಸೇರಬಹುದು, ಆದರೆ ಸುಮಾರು 7 ಕಡಲಮೈಲಿ ಪಕ್ಕಕ್ಕೆ ಸರಿದಿರುತ್ತೇವೆ. ನೇರ ಎದುರಿಗೇ ಮುಟ್ಟಬೇಕೆಂದು ಮೂತಿಯನ್ನು 22 ಡಿಗ್ರಿ ಪ್ರವಾಹದ ಕಡೆಗೆ ತಿರುಗಿಸಿ ಹಿಡಿದರೆ 2 ಗಂಟೆ 26 ನಿಮಿಷ. ವ್ಯತ್ಯಾಸ ಹನ್ನೊಂದೇ ನಿಮಿಷ. ಆದರೆ ಗಾಳಿ ಕುಗ್ಗಿ ಹಲಗೆಯ ವೇಗ 4 ನಾಟ್‌ಗೆ ಇಳಿಯಿತೆನ್ನೋಣ. ಲಂಬವಾಗಿ ಹಿಡಿದವನಿಗೆ ನಾಲ್ಕೂವರೆ ಗಂಟೆ; ನೇರಗೆರೆಯನ್ನು ಬಿಡೆನೆಂದು ಹಟಹಿಡಿದವನಿಗೆ ಸುಮಾರು 6 ಗಂಟೆ 48 ನಿಮಿಷ. ವೇಗವು 3 ನಾಟ್‌ಗೆ ಇಳಿದರೆ ಅವನು ಯಾವ ಕಾಲಕ್ಕೂ ಮುಟ್ಟನು. ಮೂತಿಯನ್ನು ಪೂರ್ತಿ ಪ್ರವಾಹಕ್ಕೆದುರಾಗಿ ಹಿಡಿದು ನಿಂತಲ್ಲೇ ನಿಂತಿರುತ್ತಾನೆ. ನಿಜವಾಗಿ ಪ್ರವಾಹವು ಆರು ಗಂಟೆಗೊಮ್ಮೆ ಮಗುಚಿಕೊಳ್ಳುವುದರಿಂದ ನಿಧಾನವಾಗಿ ದಾಟುವವರ ಹಾದಿ ಹಾವಿನಂತೆ ಬಳುಕುತ್ತದೆ. ಈಜುಗಾರರು ಈ ಬಳುಕನ್ನು ಒಪ್ಪಿಕೊಂಡೇ ಈಜುತ್ತಾರೆ.

ನಾವು ಒಪ್ಪಿಕೊಳ್ಳಬೇಕೆಂದು ಕಾನೂನೂ ಹೇಳುತ್ತದೆ. ಡೋವರ್ ಜಲಸಂಧಿಯಲ್ಲಿ ದಿನಕ್ಕೆ 400ಕ್ಕೂ ಹೆಚ್ಚು ಹಡಗುಗಳು ಸಂಚರಿಸುತ್ತವೆ. 1967ರಿಂದ ಅವುಗಳಿಗೆ ರಸ್ತೆಯಂತೆ ಎರಡು ಓಣಿಗಳನ್ನು ಗೊತ್ತುಮಾಡಲಾಗಿದೆ. ಇಂಗ್ಲೆಂಡಿನ ಬದಿಯ ಓಣಿ ನೈಋತ್ಯಕ್ಕೆ ಹೋಗುವವರಿಗೆ, ಫ್ರಾನ್ಸಿನ ಬದಿಯದು ಈಶಾನ್ಯಕ್ಕೆ ಹೋಗುವವರಿಗೆ. ಕಡಲಿನಲ್ಲಿ ಬಲಬದಿಯ ಸಂಚಾರ. ಆದುದರಿಂದ ಡೋವರಿನಿಂದ ಹೊರಟವನು, ನಮ್ಮೂರ ರಸ್ತೆ ದಾಟುವ ಅಭ್ಯಾಸಕ್ಕೆ ವ್ಯತಿರಿಕ್ತವಾಗಿ, ಮೊದಲು ಎಡಕ್ಕೂ ಆಮೇಲೆ ಬಲಕ್ಕೂ ನೋಡಬೇಕು. 1972ರ ಅಂತಾರಾಷ್ಟ್ರೀಯ ನಿಯಮಾವಳಿಯ ಹತ್ತನೆಯ ನಿಯಮದಂತೆ ಓಣಿಯನ್ನು ಅಡ್ಡಹಾಯುವವನು ತನ್ನ ನೌಕೆಯ ಮೂತಿಯನ್ನು ಆದಷ್ಟೂ ಲಂಬವಾಗಿ ಹಿಡಿದಿರಬೇಕು. ಗಮನಿಸಿ: ಲಂಬವಾಗಿರಬೇಕಾದುದು ಮೂತಿ, ಸಾಗಿದ ಹಾದಿ ಓರೆಯಾದರೆ ಆಗಲಿ. ಹೊಳೆಯ ಲೆಕ್ಕದ ಮೊದಲನೆಯ ಉತ್ತರವೇ ಇಲ್ಲಿ ನಿಯಮವಾಗಿ ಕುಳಿತಿದೆ. ಓಣಿಯಲ್ಲಿ ಕಳೆಯುವ ಕಾಲ ಕನಿಷ್ಠವಾಗುವುದು ಹಾಗೆ ಹಿಡಿದಾಗಲೇ. ಹಾಯಿಯ ನೌಕೆಯು ಓಣಿಯಲ್ಲಿ ಸಾಗುವ ಯಂತ್ರದ ಹಡಗಿಗೆ ಅಡ್ಡಿಯಾಗಕೂಡದೆಂದೂ ಅದೇ ನಿಯಮ ಹೇಳುತ್ತದೆ.

18 ನಾಟ್ ವೇಗದ ಸರಕು ಹಡಗು ಒಂದು ಕಡಲಮೈಲಿಯನ್ನು 3 ನಿಮಿಷ 20 ಸೆಕೆಂಡಿನಲ್ಲಿ ಕ್ರಮಿಸುತ್ತದೆ. ನೀರಿನಿಂದ 2 ಮೀಟರು ಎತ್ತರದಲ್ಲಿ ಕಣ್ಣಿರುವವನಿಗೆ ದಿಗಂತ 5 ಕಿಲೋಮೀಟರು ದೂರ. 30 ಮೀಟರು ಎತ್ತರದ ಹಡಗಿನ ನೆತ್ತಿಯು ತಿಳಿಯಾದ ಗಾಳಿಯಲ್ಲಿ 24 ಕಿಲೋಮೀಟರಿನಿಂದ ಕಾಣಬಹುದು. ಅದು ಹತ್ತಿರ ಬರಲು 40 ನಿಮಿಷಕ್ಕೆ ಕಡಿಮೆಯಿಲ್ಲ; ಯೋಚಿಸಲು ಬೇಕಾದಷ್ಟು ಕಾಲ. ಮಂಜು ಕವಿದು 3 ಕಿಲೋಮೀಟರು ಮಾತ್ರ ಕಾಣುವಂತಾದರೆ ಉಳಿಯುವುದು 5 ನಿಮಿಷ. ಹಡಗು ಡಿಕ್ಕಿಹೊಡೆಯುವುದೇ ಎಂದು ತಿಳಿಯಲು ಸುಲಭವಾದ ಪರೀಕ್ಷೆಯೊಂದುಂಟು: ಅದು ದೊಡ್ಡದಾಗುತ್ತ ಬರುತ್ತಿದ್ದರೂ ದಿಕ್ಸೂಚಿಯಲ್ಲಿ ಅದರ ದಿಕ್ಕು ಬದಲಾಗದಿದ್ದರೆ ನಾವಿಬ್ಬರೂ ಒಂದೇ ಬಿಂದುವಿಗೆ ಹೋಗುತ್ತಿದ್ದೇವೆ. ಆಗ ಅದು ತಪ್ಪಿಸಿಕೊಂಡೀತೆಂದು ನಂಬುವುದು ವ್ಯರ್ಥ. ಬಿದ್ದು ನೀರಿನಲ್ಲಿರುವ ಮನುಷ್ಯನ ತಲೆಯು ಹಡಗಿನ ಮೇಲಿರುವವನಿಗೆ ನೊರೆಯ ನಡುವಣ ಒಂದು ತೆಂಗಿನಕಾಯಿಯಷ್ಟೆ.

ತೇಲುಗೆರೆ

ಇಷ್ಟೂ ಹಾಯಿ ನೆಟ್ಟಗಿರುವವರೆಗಿನ ಮಾತಾಯಿತು. ಈಗ ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಬರೋಣ. ನಕ್ಷೆಯ ಮೇಲೆ ಪಯಣದ ಹಾದಿಯನ್ನು ಎಳೆದ ಮೇಲೆ, ಅದರ ಪ್ರತಿ ಗಂಟೆಯ ಬಿಂದುವಿನಿಂದಲೂ ಇನ್ನೊಂದು ಗೆರೆಯನ್ನು ಎಳೆಯಬೇಕು. ಈ ಕ್ಷಣದಲ್ಲಿ ಕಂಬ ಮುರಿದರೆ ಅಥವಾ ಕೀಲು ಹರಿದರೆ, ಗಾಳಿ ಮತ್ತು ಪ್ರವಾಹಗಳೆರಡೂ ಸೇರಿ ನನ್ನನ್ನು ಎಲ್ಲಿಗೆ ಒಯ್ಯುತ್ತವೆ? ಎಷ್ಟು ಹೊತ್ತಿನಲ್ಲಿ? ಅಲ್ಲಿರುವುದು ಮರಳಿನ ದಂಡೆಯೋ, ಬಂಡೆಯೋ, ಬಯಲುಗಡಲೋ? ಈ ಗೆರೆಯನ್ನು ನಾನು ತೇಲುಗೆರೆಯೆಂದು ಕರೆಯುತ್ತೇನೆ. ನನ್ನ ಅಭಿಪ್ರಾಯದಲ್ಲಿ ದೂರಪಯಣದ ಯೋಜನೆಯೆಂದರೆ ಮುಖ್ಯವಾಗಿ ಇದೇ. ಹಾಯಿಯ ಹಾದಿಯನ್ನು ಗೊತ್ತುಮಾಡುವುದು ಆಮೇಲಿನ ಕೆಲಸ.

ಡೋವರಿನ ನಡುನೀರಿನಲ್ಲಿ ಇದನ್ನು ಪ್ರಯೋಗಿಸಿ ನೋಡಿ. ಎರಡು ದಡಕ್ಕೂ 9 ಕಡಲಮೈಲಿ. ಕೆಟ್ಟ ಹಲಗೆಯ ಮೇಲೆ ಮಲಗಿದವನನ್ನು 15 ನಾಟ್‌ನ ನೈಋತ್ಯ ಗಾಳಿ ಗಂಟೆಗೆ ಒಂದು ಕಡಲಮೈಲಿ ಈಶಾನ್ಯಕ್ಕೆ ದೂಡುವುದೆನ್ನೋಣ. ಪ್ರವಾಹ 2 ನಾಟ್ ಈಶಾನ್ಯಕ್ಕಿದ್ದರೆ ಒಟ್ಟು 3 ನಾಟ್. ಮೂರು ಗಂಟೆಯಲ್ಲಿ ಅವನು 9 ಕಡಲಮೈಲಿ ಉತ್ತರ ಸಮುದ್ರದ ಕಡೆಗೆ ಸಾಗಿರುತ್ತಾನೆ. ಪ್ರವಾಹವು ಮಗುಚಿದರೆ ಗಾಳಿಗೆದುರಾಗಿ ಗಂಟೆಗೊಂದು ಕಡಲಮೈಲಿ ಹಿಂದಕ್ಕೆ. ಎರಡು ಸಂದರ್ಭಗಳಲ್ಲಿಯೂ ಯಾವ ದಡಕ್ಕೂ ಒಂದಂಗುಲವಾದರೂ ಹತ್ತಿರವಾಗುವುದಿಲ್ಲ! ಕೈಯಿಂದ ಹುಟ್ಟುಹಾಕಿ ಗಂಟೆಗೊಂದು ಕಡಲಮೈಲಿ ಅಡ್ಡಕ್ಕೆ ಹೋದರೂ ಒಂಬತ್ತು ಗಂಟೆ ಬೇಕು, ಅದೂ ಹಡಗುಗಳ ಓಣಿಯ ಮೂಲಕ. ಹಾಯಿಗೆ ಎಲ್ಲಕ್ಕಿಂತ ಒಳ್ಳೆಯದೆಂದು ನಾವು ಆರಿಸಿಕೊಂಡ ಗಾಳಿಯೇ ತೇಲುವವನಿಗೆ ಎಲ್ಲಕ್ಕಿಂತ ಕೆಟ್ಟದಾಯಿತು. ವಾಯವ್ಯದ ಗಾಳಿಯನ್ನು ಆರಿಸಿದ್ದರೆ ಫ್ರಾನ್ಸಿನ ದಡ ಸೇರಲು ಒಂಬತ್ತು ಗಂಟೆ. ಯಾವ ಗಾಳಿಯನ್ನು ಹಿಡಿದರೂ ನಡುನೀರಿನಲ್ಲಿ ತೇಲುಗೆರೆ ದಡಕ್ಕೆ ಸುಲಭವಾಗಿ ಮುಟ್ಟದು. ಆದುದರಿಂದ ಇಂಥ ಜಲಸಂಧಿಯಲ್ಲಿ ಜೊತೆದೋಣಿ ಇರಲೇಬೇಕೆಂಬುದು ಅಧೈರ್ಯದ ಮಾತಲ್ಲ, ನಕ್ಷೆಯಿಂದ ಬಂದ ಉತ್ತರ. ಎರಡೂ ದೇಶಗಳ ಕರಾವಳಿ ಅಧಿಕಾರಿಗಳಿಗೆ ಮೊದಲೇ ತಿಳಿಸಿ ಅವರ ನಿಯಮಗಳಿಗೆ ಒಳಪಡುವುದೂ ಆವಶ್ಯಕ.

ಗಾಳಿ ಪ್ರವಾಹಗಳ ಇನ್ನೊಂದು ಸಂಬಂಧವನ್ನೂ ಗಮನಿಸಬೇಕು. 15 ನಾಟ್ ಗಾಳಿಯು 3 ನಾಟ್ ಪ್ರವಾಹದ ಜೊತೆಗೆ ಹೋದರೆ ನೀರಿನ ಮೇಲಣ ಸಾಪೇಕ್ಷ ಗಾಳಿ 12, ಎದುರಾದರೆ 18. ಒತ್ತಡದಲ್ಲಿ ಎರಡೂಕಾಲು ಮಡಿ ವ್ಯತ್ಯಾಸ. ಅದಲ್ಲದೆ ಎದುರು ಪ್ರವಾಹವನ್ನು ಹೊಕ್ಕ ಅಲೆಗಳು ಒತ್ತಾಗಿ ಕಡಿದಾಗುತ್ತವೆ. ಬೆಳಗ್ಗೆ ನಯವಾಗಿದ್ದ ನೀರು, ಗಾಳಿ ಒಂದಿಷ್ಟೂ ಹೆಚ್ಚದೆ, ಪ್ರವಾಹ ಮಗುಚಿದ ಮಾತ್ರಕ್ಕೆ ಗೋಡೆಗಳ ಸಾಲಾಗುವುದುಂಟು. ಭೂಶಿರಗಳ ಮುಂದೆ ಇದರ ಹಾವಳಿ ಹೆಚ್ಚು. ಇಂಗ್ಲೆಂಡಿನ ದಕ್ಷಿಣ ತೀರದ ಪೋರ್ಟ್‌ಲ್ಯಾಂಡ್ ಬಿಲ್ ಇದಕ್ಕೆ ಕುಪ್ರಸಿದ್ಧ.

ಜಲಸಂಧಿ ದಾಟದೆ ದಡದ ಗುಂಟ ಹೋಗುವ ಪಯಣದಲ್ಲಿ ತೇಲುಗೆರೆಯನ್ನು ನಮಗೆ ಬೇಕಾದಂತೆ ಬಾಗಿಸಿಕೊಳ್ಳಬಹುದು. ಗಾಳಿಯು ಓರೆಯಾಗಿ ದಡದ ಕಡೆಗೆ ಬೀಸುವ ದಿನವನ್ನು ಆರಿಸಿದರೆ ಪ್ರತಿಯೊಂದು ಬಿಂದುವಿನ ತೇಲುಗೆರೆಯೂ ನೆಲಕ್ಕೆ ಮುಟ್ಟುತ್ತದೆ. 2015ರಲ್ಲಿ ಜೋನೋ ಡನೆಟ್ ಎಂಬ ಆಂಗ್ಲನು ಜೊತೆದೋಣಿಯಿಲ್ಲದೆ ಒಬ್ಬನೇ ಬ್ರಿಟನ್ನನ್ನು ಹಾಯಿಹಲಗೆಯ ಮೇಲೆ ಸುತ್ತಿಬಂದನು. ಸಾಗರವನ್ನೇ ದಾಟಿದವರ ಕ್ರಮ ಬೇರೆ. ಫ್ರಾನ್ಸಿನ ಕ್ರಿಸ್ತಿಯಾನ್ ಮಾರ್ತಿ 1981–82ರ ಚಳಿಗಾಲದಲ್ಲಿ ಆಫ್ರಿಕದ ಡಾಕರಿನಿಂದ ದಕ್ಷಿಣ ಅಮೆರಿಕದ ಕೂರೂವರೆಗೆ ಅಟ್ಲಾಂಟಿಕವನ್ನು ದಾಟಿದನು. ಅಲ್ಲಿ ಬೀಸುವುದು ವಾಣಿಜ್ಯ ಮಾರುತ. ತಿಂಗಳುಗಟ್ಟಲೆ ಒಂದೇ ಕಡೆಗೆ. ಹಿಂದಿರುಗುವ ಪ್ರಶ್ನೆಯೇ ಇಲ್ಲ. ಬಳಿಯಲ್ಲಿ ಜೊತೆದೋಣಿಯಿತ್ತು.

ನಮ್ಮ ಪಶ್ಚಿಮ ಕರಾವಳಿಯವರಿಗೆ ಈ ವಿವೇಕ ಹೊಸದಲ್ಲ. ಹಾಯಿಯನ್ನೇ ನಂಬಿದ್ದ ಕಾಲದ ಮೀನುಗಾರರು ನಸುಕಿನ ನೆಲಗಾಳಿಯಲ್ಲಿ ಕಡಲಿಗಿಳಿದು ಮಧ್ಯಾಹ್ನದ ಕಡಲಗಾಳಿಯಲ್ಲಿ ಹಿಂದಿರುಗುತ್ತಿದ್ದರು. ಹೋಗುವ ಗಾಳಿ, ಬರುವ ಗಾಳಿ ಎರಡನ್ನೂ ಒಂದೇ ದಿನದಲ್ಲಿ ಪ್ರಕೃತಿಯೇ ಒದಗಿಸುತ್ತಿತ್ತು. ಮಳೆಗಾಲದಲ್ಲಿ ಆ ಏರ್ಪಾಡು ಮುರಿಯುವುದರಿಂದ ದೋಣಿಗಳು ದಡಕ್ಕೇರುತ್ತಿದ್ದವು. ಇಂದಿಗೂ ಜೂನ್, ಜುಲೈ ತಿಂಗಳುಗಳಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಮೀನಿನ ಸಂತತಿಯ ರಕ್ಷಣೆ ಅದರ ಒಂದು ಉದ್ದೇಶ. ನಮ್ಮ ಕಡಲಿನಲ್ಲಿ ಹಾಯಿಹಲಗೆ ಕಲಿಯುವ ತರುಣರು ನಸುಕಿನ ನೆಲಗಾಳಿಯನ್ನು ಮಾತ್ರ ಹಗುರವಾಗಿ ಎಣಿಸಬಾರದು. ಮುಂದೆ ಕಡಲಗಾಳಿ ಬಂದೇ ಬರುವುದೆಂದು ನಂಬಿ ಹೊರಟಲ್ಲಿ, ಮೋಡ ಕವಿದ ದಿನ ಅದು ಬಾರದೆಯೂ ಹೋಗಬಹುದು.

ತಣ್ಣೀರು ಮತ್ತು ಕೈ

ತೇಲುಗೆರೆಗೆ ಉದ್ದವಿರುವಂತೆ ಮನುಷ್ಯನ ಮೈಗೆ ಅವಧಿಯುಂಟು. ಒಂದನ್ನು ಇನ್ನೊಂದರ ಪಕ್ಕದಲ್ಲಿಟ್ಟು ನೋಡಬೇಕು. ನೀರು ಗಾಳಿಗಿಂತ ಸುಮಾರು 24 ಮಡಿ ಉತ್ತಮ ಉಷ್ಣವಾಹಕ. ಡೋವರಿನ ನೀರು ಬೇಸಗೆಯ ಕೊನೆಯಲ್ಲಿ 17–18 ಡಿಗ್ರಿ, ಚಳಿಗಾಲದ ಕೊನೆಯಲ್ಲಿ 7 ಡಿಗ್ರಿಯ ಆಸುಪಾಸು. ಕಡಲು ತಡವಾಗಿ ಕಾಯುತ್ತದೆ. ವಸಂತದಲ್ಲಿ ಹೂಬಿಸಿಲು ಹೊಳೆಯುತ್ತಿರುವಾಗ ನೀರು ಇನ್ನೂ ಚಳಿಗಾಲದಲ್ಲಿರುತ್ತದೆ. ಬಿಸಿಲನ್ನು ನೋಡಿ ಉಡುಪು ತೊಟ್ಟವನು ಅಲ್ಲಿ ತಪ್ಪುತ್ತಾನೆ. ಉಡುಪನ್ನು ನೀರಿಗಾಗಿ ತೊಡಬೇಕು. ಅತಿ ತಣ್ಣನೆಯ ನೀರಿನಲ್ಲಿ ಬಿದ್ದವನಿಗೆ ಉಸಿರನ್ನು ಹತೋಟಿಗೆ ತಂದುಕೊಳ್ಳಲು ಒಂದು ನಿಮಿಷ, ಕೈಕಾಲು ಪ್ರಯೋಜನಕ್ಕೆ ಬರುವುದು ಹತ್ತು ನಿಮಿಷ, ಪ್ರಜ್ಞೆ ಉಳಿಯುವುದು ಸುಮಾರು ಒಂದು ಗಂಟೆ ಎಂಬ ಸ್ಥೂಲ ನಿಯಮವನ್ನು ರಕ್ಷಣಾ ತಜ್ಞರು ಕಲಿಸುತ್ತಾರೆ. ನಡುವಣ ಹತ್ತು ನಿಮಿಷವೇ ಹಾಯಿಹಲಗೆಯವನಿಗೆ ಮುಖ್ಯ. ಹರಿದ ಕೀಲನ್ನು ಬದಲಿಸುವುದು, ಹಗ್ಗವನ್ನು ಗಂಟುಹಾಕುವುದು, ರೇಡಿಯೋದ ಗುಂಡಿಯನ್ನೊತ್ತುವುದು ಎಲ್ಲವೂ ಬೆರಳುಗಳ ಕೆಲಸ. ಬದಲಿ ಕೀಲು, ನಾಲ್ಕೈದು ಮೀಟರು ಹಗ್ಗ, ಒಂದು ಚೂರಿ ಇವು ಸೊಂಟದ ಚೀಲದಲ್ಲಿದ್ದರೂ ಬೆರಳು ಮರಗಟ್ಟಿದವನಿಗೆ ಇಲ್ಲದಂತೆಯೇ. ಕುಡಿಯುವ ನೀರು, ತಿನ್ನಲು ಒಂದಿಷ್ಟು ಸಿಹಿ, ಇವುಗಳ ವಿಷಯ ಹೇಳಬೇಕಾದುದಿಲ್ಲ.

ಎಂಥ ಸಂದರ್ಭದಲ್ಲಿಯೂ ಹಲಗೆಯನ್ನು ಬಿಟ್ಟು ಈಜಬಾರದು. ಅದು ತೇಲುತ್ತದೆ, ಮೈಯನ್ನು ನೀರಿನಿಂದ ಮೇಲೆತ್ತುತ್ತದೆ, ದೂರಕ್ಕೆ ಕಾಣುತ್ತದೆ. ಮುರಿದ ಹಾಯಿಯನ್ನೂ ಕೂಡಲೇ ಕಳಚಿ ಎಸೆಯಬಾರದು. ನೀರಿನಲ್ಲಿ ನೆನೆದು ತೂಗುತ್ತಿರುವ ಹಾಯಿಯು ಲಂಗರಿನಂತೆ ಗಾಳಿಯ ದೂಡುವಿಕೆಯನ್ನು ತಡೆಯುತ್ತದೆ. ತೇಲುಗೆರೆಯು ಬಯಲುಗಡಲಿಗೆ ಹೋಗುತ್ತಿದ್ದರೆ ಅದನ್ನು ಮೊಟಕುಗೊಳಿಸಲು ಇರುವ ಅಗ್ಗದ ಉಪಾಯ ಇದೊಂದೇ.

ದಡದಲ್ಲಿ ಉಳಿದವನು

1984ರ ನವೆಂಬರ್ 24ರಂದು ಫ್ರಾನ್ಸಿನ ಆರ್ನೋ ದ ರೋಸ್ನೆ ಎಂಬ ಪ್ರಸಿದ್ಧ ಸಾಹಸಿಯು ಚೀನದ ತೀರದಿಂದ ತೈವಾನಿನ ಕಡೆಗೆ ಹಾಯಿಹಲಗೆಯ ಮೇಲೆ ಹೊರಟನು. 1979ರಲ್ಲಿ ಬೇರಿಂಗ್ ಜಲಸಂಧಿಯನ್ನು ದಾಟಿದ್ದವನು ಆತ, ಅನುಭವಕ್ಕೆ ಕೊರತೆಯಿರಲಿಲ್ಲ. ತೈವಾನ್ ಜಲಸಂಧಿಯು ಅತಿ ಇಕ್ಕಟ್ಟಾದೆಡೆಯಲ್ಲಿಯೇ ಸುಮಾರು 130 ಕಿಲೋಮೀಟರು. ಈಶಾನ್ಯ ಮಾರುತದ ಕಾಲ. ಆತನು ಆಚೆಯ ದಡವನ್ನು ಮುಟ್ಟಲಿಲ್ಲ. ಆತನೂ ಸಿಕ್ಕಲಿಲ್ಲ, ಹಲಗೆಯೂ ಸಿಕ್ಕಲಿಲ್ಲ.

ಕಡಲಿನಲ್ಲಿ ಒಬ್ಬನನ್ನು ಹುಡುಕುವುದು ಏಕೆ ಅಷ್ಟು ಕಷ್ಟವೆಂಬುದನ್ನು ಸರಳವಾದ ಲೆಕ್ಕದಿಂದ ತಿಳಿಯಬಹುದು. ಕೊನೆಯದಾಗಿ ಇದ್ದ ಸ್ಥಳ ಗೊತ್ತಿದೆ, ಆದರೆ ತೇಲುವ ವೇಗದಲ್ಲಿ ಯಾವ ಕಡೆಗಾದರೂ ಒಂದು ನಾಟ್ ಅನಿಶ್ಚಯವಿದೆ ಎನ್ನೋಣ. ಎರಡು ಗಂಟೆಯ ನಂತರ ಹುಡುಕಬೇಕಾದ ವೃತ್ತದ ತ್ರಿಜ್ಯ 2 ಕಡಲಮೈಲಿ, ವಿಸ್ತೀರ್ಣ ಸುಮಾರು 12.6 ಚದರ ಕಡಲಮೈಲಿ. ಹತ್ತು ಗಂಟೆಯ ನಂತರ 314. ಕಾಲ ಐದು ಮಡಿಯಾದರೆ ವಿಸ್ತೀರ್ಣ ಇಪ್ಪತ್ತೈದು ಮಡಿ. ಕೊನೆಯ ಸ್ಥಳವೇ ಗೊತ್ತಿಲ್ಲವಾದರೆ ಇಡೀ ಹಾದಿಯ ಗುಂಟ ಅಂಥ ವೃತ್ತಗಳನ್ನು ಎಳೆಯಬೇಕಾಗುತ್ತದೆ.

ಈ ವೃತ್ತವನ್ನು ಕುಗ್ಗಿಸುವ ಉಪಕರಣಗಳು ಇಂದು ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣವು. ಅಮೆರಿಕ, ಸೋವಿಯತ್ ಒಕ್ಕೂಟ, ಕೆನಡ, ಫ್ರಾನ್ಸ್ ದೇಶಗಳು ಸೇರಿ ಕಟ್ಟಿದ ಕೋಸ್ಪಾಸ್–ಸಾರ್ಸಾಟ್ ಎಂಬ ಉಪಗ್ರಹ ವ್ಯವಸ್ಥೆಯು 1982ರಲ್ಲಿ ಮೊದಲ ಬಾರಿಗೆ ಪ್ರಾಣಗಳನ್ನು ಉಳಿಸಿತು. ಆಪತ್ತಿನಲ್ಲಿದ್ದವನ ಸಣ್ಣ ಪ್ರೇಷಕವು 406 ಮೆಗಾಹರ್ಟ್ಸಿನಲ್ಲಿ ಕೂಗಿದರೆ ಉಪಗ್ರಹವು ಅದನ್ನು ಕೇಳಿ ನೆಲಕ್ಕೆ ತಿಳಿಸುತ್ತದೆ. ಭಾರತದ ಪಾಲಿನ ನಿಯಂತ್ರಣ ಕೇಂದ್ರವಿರುವುದು ನಮ್ಮ ಬೆಂಗಳೂರಿನಲ್ಲಿ, ಇಸ್ರೋ ಸಂಸ್ಥೆಯ ಆಶ್ರಯದಲ್ಲಿ. ಪ್ರೇಷಕವನ್ನು ಮೈಗೇ ಕಟ್ಟಿಕೊಳ್ಳಬೇಕು. ಹಲಗೆಗೆ ಕಟ್ಟಿದರೆ ಹಲಗೆಯನ್ನು ಹುಡುಕಿಕೊಟ್ಟೀತು. ಕೈರೇಡಿಯೋ ಕೂಡ ಇರಲಿ, ಆದರೆ ಅದರ ಅಲೆಗಳು ಬಹುಮಟ್ಟಿಗೆ ನೇರಗೆರೆಯಲ್ಲಿ ಹೋಗುತ್ತವೆ. ನೀರಿನ ಮಟ್ಟದಲ್ಲಿರುವ ಇಬ್ಬರ ನಡುವೆ ನಾಲ್ಕೈದು ಕಿಲೋಮೀಟರು ದಾಟುವುದೇ ಕಷ್ಟ. ಗುಡ್ಡದ ಮೇಲಿನ ಠಾಣೆಗಾದರೆ ನಲವತ್ತು ಕಿಲೋಮೀಟರಿನವರೆಗೂ ಮುಟ್ಟಬಹುದು.

ಎಲ್ಲಕ್ಕಿಂತ ಹಳೆಯ ಉಪಕರಣವೊಂದಿದೆ. ಅದು ದಡದಲ್ಲಿ ಉಳಿಯುವ ಸ್ನೇಹಿತ. ಅವನ ಕೈಯಲ್ಲಿ ಒಂದು ಕಾಗದವಿರಬೇಕು. ಹೊರಟ ಸ್ಥಳ ಮತ್ತು ಗಳಿಗೆ, ಹಾಯಿಯ ಬಣ್ಣ, ಗಂಟೆಗಂಟೆಯ ಬಿಂದುಗಳು, ಪ್ರತಿಯೊಂದರ ತೇಲುಗೆರೆ, ಹಿಂದಿರುಗಲು ಗೊತ್ತುಮಾಡಿದ ಕಡೆಯ ಬಿಂದು, ಆಚೆಯ ದಡದಿಂದ ಕರೆ ಬರಬೇಕಾದ ಸಮಯ. ಕೊನೆಯದನ್ನು ಇಬ್ಬರೂ ಹೊರಡುವ ಮೊದಲೇ ಒಪ್ಪಿಕೊಂಡಿರಬೇಕು. “ಇನ್ನರ್ಧ ಗಂಟೆ ನೋಡೋಣ” ಎಂಬ ದಾಕ್ಷಿಣ್ಯಕ್ಕೆ ಅಲ್ಲಿ ಎಡೆಯಿಲ್ಲ. ಹನ್ನೊಂದು ಗಂಟೆಗೆ ಹೊರಟವನ ಕರೆ ಎರಡೂವರೆಗೆ ಬರಬೇಕೆಂದು ಬರೆದಿದ್ದರೆ, ಎರಡೂವರೆಗೆ ಸ್ನೇಹಿತನು ಆ ಕಾಗದವನ್ನು ಮುಂದಿಟ್ಟುಕೊಂಡು ಕರಾವಳಿ ರಕ್ಷಣಾ ಠಾಣೆಗೆ ಫೋನು ಮಾಡಿ, ಮೊದಲನೆಯ ಸಾಲಿನಿಂದ ಓದತೊಡಗುತ್ತಾನೆ.